ಕೊಬ್ಬರಿ ಲಾರಿಗಳ ಕೂಲೆಂಟ್ ಪರೀಕ್ಷೆಗೆ ವ್ಯವಸ್ಥೆ ಕೋರಿ ಮನವಿ

ಗೆ,
ಮಾನ್ಯ ಕಾರ್ಯದರ್ಶಿಗಳು,
ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ, ತಿಪಟೂರು.

ಇಂದ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಲಾರಿ ಮಾಲೀಕರು ಮತ್ತು ಚಾಲಕರು.

ವಿಷಯ: ಮಾರುಕಟ್ಟೆ ಪ್ರಾಂಗಣದಲ್ಲಿ ಕೂಲೆಂಟ್ ಪರೀಕ್ಷೆಯ ವ್ಯವಸ್ಥೆ ಕಲ್ಪಿಸುವ ಬಗ್ಗೆ.

ಮಾನ್ಯರೇ,

ಹೋದ ಬೇಸಿಗೆಯಲ್ಲಿ ನಮ್ಮಲ್ಲೊಬ್ಬರ ಗಾಡಿ ಉಂಡೆ ಕೊಬ್ಬರಿ ಹೇರಿಕೊಂಡು ಹುಳಿಯಾರು, ಹಿರಿಯೂರಿನ ಮೇಲೆ ಉತ್ತರಕ್ಕೆ ಹೊರಟಿದ್ದು, ಪುಣೆಗೆ ಮೊದಲೇ ಘಾಟ್ ಏರುವಾಗ ಹೀಟ್ ಆಗಿ ನಿಂತಿತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹೆಚ್ಚಾದ ಟೀ ಬಣ್ಣಕ್ಕೆ ತಿರುಗಿತ್ತು. ಎಂಜಿನ್ ಬಿಚ್ಚಿದಾಗ ಪಿಸ್ಟನ್ ಓಡಾಡುವ ಲೈನರ್‌ನ ಹೊರಮೈಯಲ್ಲಿ, ಒಂದೇ ಮಗ್ಗುಲಿಗೆ, ಸೂಜಿಯಲ್ಲಿ ಚುಚ್ಚಿದಂತೆ ತೂತುಗಳ ಸಾಲು. ಚಾಲಕ ಅಸಡ್ಡೆಯವನಲ್ಲ, ರೇಡಿಯೇಟರ್ ಇಳಿದಾಗಲೆಲ್ಲ ತುಂಬಿಸಿದ್ದ. ಆದರೆ ತುಂಬಿಸಿದ್ದು ಬೋರ್ ನೀರು.

ನಮ್ಮ ಕಡೆಯ ಬೋರ್ ನೀರು ಬಚ್ಚಲ ಹಂಡೆಯೊಳಗೆ ಸುಣ್ಣದ ಪದರ ಕಟ್ಟುವುದು ತಮಗೆ ತಿಳಿಯದ್ದೇನಲ್ಲ. ಅದೇ ಪದರ ಲೈನರ್ ಸುತ್ತ ಕಟ್ಟಿದರೆ ಕಾವು ನೀರಿಗೆ ಇಳಿಯುವುದಿಲ್ಲ. ಇನ್ನೊಂದು ಕೇಡು ಕಣ್ಣಿಗೆ ಬೀಳದ್ದು: ಪಿಸ್ಟನ್ ಹೊಡೆತಕ್ಕೆ ಲೈನರ್ ಅದುರಿ, ಸುತ್ತಲಿನ ದ್ರವದಲ್ಲಿ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತವೆ, ಒಡೆದ ಜಾಗದಲ್ಲಿ ಕಬ್ಬಿಣ ಕೊರೆದುಹೋಗುತ್ತದೆ. ಇದನ್ನು ತಡೆಯುವುದು ಕೂಲೆಂಟ್‌ನಲ್ಲಿರುವ ನೈಟ್ರೈಟ್‌ನಂಥ ರಾಸಾಯನಿಕ. ನೀರು ಬೆರೆತಷ್ಟೂ ಅದು ತೆಳುವಾಗುತ್ತದೆ, ಗಾಡಿ ಓಡಿದಷ್ಟೂ ಸವೆಯುತ್ತದೆ. ಬಣ್ಣ ಮಾತ್ರ ಹಸಿರಾಗಿಯೇ ಉಳಿಯುತ್ತದೆ. ಆ ಹಸಿರನ್ನು ನಂಬಿ ಕೆಟ್ಟವರು ನಾವು.

ಪರೀಕ್ಷೆ ಐದು ಹತ್ತು ನಿಮಿಷದ ಕೆಲಸ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್‌ನಿಂದ ಅರ್ಧ ಲೋಟ ಇಳಿಸಿಕೊಂಡು ಪರೀಕ್ಷೆಯ ಪಟ್ಟಿ ಅದ್ದಿದರೆ, ಬಣ್ಣ ತಿರುಗಿ ನೈಟ್ರೈಟ್ ಎಷ್ಟು ಉಳಿದಿದೆ, ಹುಳಿ ಏರಿದೆಯೇ ಎಂದು ಹೇಳುತ್ತದೆ. ರಿಫ್ರ್ಯಾಕ್ಟೋಮೀಟರ್ ಗಾಜಿನ ಮೇಲೆ ಎರಡು ಹನಿ ಬಿಟ್ಟರೆ ಕೂಲೆಂಟ್‌ನಲ್ಲಿ ಗ್ಲೈಕಾಲ್ ಪಾಲು ಎಷ್ಟೆಂದು ಗೊತ್ತಾಗುತ್ತದೆ. ತೋಟದ ಮಣ್ಣಿಗಾದರೆ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರವಿದೆ. ರೇಡಿಯೇಟರ್ ನೀರನ್ನು ಯಾರಿಗೆ ತೋರಿಸುವುದು? ಮಾದರಿ ನೋಡದೆ ಯಾರೂ ಕೊಬ್ಬರಿಗೆ ದರ ಬರೆಯದ ಪ್ರಾಂಗಣವಿದು. ಲಾರಿಗೂ ಒಂದು ಮಾದರಿ ಮೇಜು ಇರಲಿ ಎಂಬುದು ನಮ್ಮ ಕೋರಿಕೆ.

ಅದು ವೇಬ್ರಿಡ್ಜ್ ಬಳಿಯಿದ್ದರೆ ಅನುಕೂಲ. ಡೀಸೆಲ್ ಮೆಕ್ಯಾನಿಕ್ ಐಟಿಐ ಮುಗಿಸಿದ ಹುಡುಗನೊಬ್ಬ ಸಾಕು, ಮಾರುಕಟ್ಟೆ ದಿನಗಳಲ್ಲಿ ಮಾತ್ರ. ಪರೀಕ್ಷೆಯ ಚೀಟಿಗೆ ಶುಲ್ಕ ಕೊಡಲು ಸಿದ್ಧರಿದ್ದೇವೆ. ಜೊತೆಗೆ ಡಿಸ್ಟಿಲ್ಡ್ ನೀರಿನ ಕ್ಯಾನುಗಳು ಅಲ್ಲೇ ಕ್ರಯಕ್ಕೆ ಸಿಗಬೇಕು. ಇಳಿಸಿದ ಹಳೆ ಕೂಲೆಂಟ್‌ಗೆ ಮುಚ್ಚಳವಿರುವ ಡ್ರಮ್ ಇಡಲೇಬೇಕು: ಅದು ಸಿಹಿ, ನೆಲಕ್ಕೆ ಚೆಲ್ಲಿದರೆ ನಾಯಿ, ದನ ನೆಕ್ಕಿ ಸಾಯುತ್ತವೆ.

ಇದು ಕಂಪನಿಯ ಸರ್ವಿಸ್ ಸೆಂಟರ್ ಕೆಲಸವೆಂದು ತಾವು ಹೇಳಬಹುದು. ಹೊಸ ಗಾಡಿಗೆ ಅದು ಸರಿ. ನಮ್ಮವು ಹೆಚ್ಚಿನವು ಎರಡನೇ, ಮೂರನೇ ಕೈ ದಾಟಿ ಬಂದವು. ಅವು ನಡುದಾರಿಯಲ್ಲಿ ನಿಂತು, ಹತ್ತು ತಿಂಗಳಿಗೂ ಮಿಕ್ಕಿ ಅಟ್ಟದಲ್ಲಿ ಕಾದ ಕೊಬ್ಬರಿ ಘಾಟಿಯಲ್ಲಿ ಮಳೆಗೆ ಸಿಕ್ಕಿ ಮುಗ್ಗಿದರೆ ನಷ್ಟ ನಮ್ಮೊಬ್ಬರದೇ ಅಲ್ಲ.

ಮುಂದಿನ ಸಮಿತಿ ಸಭೆಯಲ್ಲಿ ಈ ವಿಷಯವಿಟ್ಟು, ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಮೂರು ತಾಲ್ಲೂಕುಗಳ ಲಾರಿ ಮಾಲೀಕರು ಮತ್ತು ಚಾಲಕರು

ಲಗತ್ತು: ತೂತು ಬಿದ್ದ ಲೈನರ್‌ನ ಎರಡು ಫೋಟೊ. ಲೈನರನ್ನೇ ನೋಡಬೇಕೆಂದರೆ ಸಭೆಯ ದಿನ ತರುತ್ತೇವೆ.