ಹೆಸರಿಲ್ಲದ ಹಳೆಯ ಬಾಕು: ಅದರ ವಯಸ್ಸು, ಮೂಲ ಗೊತ್ತಾಗುವುದು ಹೇಗೆ?

'ಹಳೆ ಮನೆ ಕೆಡವುವಾಗ ಸಿಕ್ಕಿದ ಮದಕರಿ ನಾಯಕರ ಬಾಕು, ಬೆಲೆ ಕೋಟಿ ಕೋಟಿ!' ಇಂಥ ಒಕ್ಕಣೆಯ ಫೋಟೊಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಹಿರಿಯೂರಿನ ಪಕ್ಕದ ಬಬ್ಬೂರಿನಲ್ಲಿ, ಒಂದು ಮನೆಯ ಅಟ್ಟದ ಮೇಲೆ ಅಂಥದ್ದೊಂದು ನಿಜವಾಗಿಯೂ ಸಿಕ್ಕಿತು ಎಂದುಕೊಳ್ಳೋಣ. ಗೇಣುದ್ದದ ಅಲಗು, ಮೈತುಂಬ ತುಕ್ಕು. ಮಾಡಿದವರ ಹೆಸರಿಲ್ಲ, ಇಸವಿಯೂ ಇಲ್ಲ. ಅದು ಯಾವ ಕಾಲದ್ದು, ಯಾರ ಕೈಕೆಲಸ ಎಂದು ಹೇಳಲು ಸಾಧ್ಯವೇ?

ಸಾಧ್ಯ. ಆದರೆ ಫೋಟೊ ನೋಡಿ ಅಲ್ಲ, ಅಲಗನ್ನು ತಿಕ್ಕಿ ತೊಳೆದ ಮೇಲಂತೂ ಅಲ್ಲವೇ ಅಲ್ಲ.

ಹೆಸರಿದ್ದರೆ ಸುಲಭವಲ್ಲವೇ?

ಹಾಗೆ ಅನ್ನಿಸುತ್ತದೆ. ನಿಜವೆಂದರೆ, ಹಳೆಯ ಆಯುಧದ ಮೇಲೆ ಸುಳ್ಳಾಗಿ ಸೇರಿಸಲು ಎಲ್ಲಕ್ಕಿಂತ ಸುಲಭವಾದದ್ದು ಹೆಸರೇ. ಒಂದು ಉಳಿ, ಒಂದು ಸುತ್ತಿಗೆ ಸಾಕು. ಅದಕ್ಕೇ ತಜ್ಞರು ಹೆಸರಿದ್ದರೂ ಅದನ್ನು ಬದಿಗಿಟ್ಟು ಮೊದಲು ಅಲಗನ್ನೇ ನೋಡುತ್ತಾರೆ.

ಈ ವಿದ್ಯೆಯನ್ನು ಶಾಸ್ತ್ರದಂತೆ ಬೆಳೆಸಿದವರು ಜಪಾನೀಯರು. ಅಲ್ಲಿಯ ಸುಮಾರು 30 ಸೆಂ.ಮೀ. ಒಳಗಿನ ಬಾಕುವಿಗೆ 'ತಾಂತೊ' ಎಂದು ಹೆಸರು. ಸಹಿಯಿಲ್ಲದ ತಾಂತೊ ಕೈಗೆ ಬಂದರೆ ಮೊದಲು ಆಕಾರ ನೋಡುತ್ತಾರೆ. 13ನೇ ಶತಮಾನದ ಕೊನೆಯ ಬಾಕುಗಳು ಸಾಮಾನ್ಯವಾಗಿ ಚಿಕ್ಕವು, ನೇರವಾದವು. 14ನೇ ಶತಮಾನದ ನಡುಭಾಗದವು ಉದ್ದ, ಅಗಲ, ತೆಳು, ತುಸು ಬಾಗಿದವು. ಆಮೇಲೆ ಉಕ್ಕನ್ನು ಮಡಿಸಿ ಬಡಿದಾಗ ಮೂಡುವ, ಮರದ ನಾರಿನಂಥ ಗೆರೆಗಳನ್ನು ನೋಡುತ್ತಾರೆ. ನಂತರ 'ಹಾಮೊನ್'. ಅಲಗಿಗೆ ಮಣ್ಣು ಮೆತ್ತಿ, ಕಾಯಿಸಿ, ನೀರಿಗೆ ಅದ್ದಿದಾಗ ಅಂಚಿನುದ್ದಕ್ಕೂ ಮೂಡುವ ಬಿಳಿಛಾಯೆಯ ರೇಖೆ ಅದು. ಯಮಾತೊ, ಯಮಾಶಿರೊ, ಬಿಜೆನ್, ಸೋಶು, ಮಿನೊ ಎಂಬ ಐದು ಪರಂಪರೆಗಳಿಗೂ ಈ ರೇಖೆ, ಗೆರೆಗಳಲ್ಲಿ ತಮ್ಮದೇ ಆದ ಲಕ್ಷಣಗಳಿವೆ.

ಕೊನೆಗೆ ಹಿಡಿ ಬಿಚ್ಚಿ, ಒಳಗೆ ಅಡಗಿರುವ ಅಲಗಿನ ಬಾಲವನ್ನು ನೋಡುತ್ತಾರೆ. ಅಲ್ಲಿಯ ಅರದ ಗೆರೆಗಳೂ ತುಕ್ಕಿನ ಬಣ್ಣವೂ ವಯಸ್ಸಿನ ಸಾಕ್ಷಿ. ಆ ತುಕ್ಕನ್ನು ಯಾರೂ ಉಜ್ಜುವುದಿಲ್ಲ. ಉಜ್ಜಿದರೆ ಅಲಗಿನ ಬೆಲೆಯೂ ಹೋಯಿತು, ಚರಿತ್ರೆಯೂ ಹೋಯಿತು.

ನಮ್ಮ ಬಾಕುವನ್ನೂ ಹೀಗೆ ಓದಬಹುದೇ?

ಓದಬಹುದು, ಆದರೆ ಗುರುತುಗಳು ಬೇರೆ. ಮೊದಲನೆಯದು ಆಕಾರವೇ. ಎರಡು ಅಡ್ಡಪಟ್ಟಿಗಳ ನಡುವೆ ಮುಷ್ಟಿ ಕಟ್ಟಿ ಹಿಡಿಯುವಂತಿದ್ದರೆ ಅದು ಕಠಾರಿ. ಕೈಯನ್ನು ಮುಚ್ಚುವ ಹೆಡೆಯಂಥ ಕಾಪು ಇದ್ದರೆ 16–17ನೇ ಶತಮಾನದ ದಕ್ಷಿಣದ ಶೈಲಿಯನ್ನು ನೆನೆಯಬೇಕು. ಸೊಂಟದ ಮುಂದೆ ಸಿಕ್ಕಿಸುವ, ಬೆಳ್ಳಿ ಕೆಲಸದ ಒರೆಯುಳ್ಳದ್ದು ಕೊಡಗಿನ ಪೀಚೆಕತ್ತಿ ಇರಬಹುದು.

ಎರಡನೆಯದು ಲೋಹ. ಇಲ್ಲಿ ಚಿತ್ರದುರ್ಗ ಜಿಲ್ಲೆಗೇ ಒಂದು ಹೆಮ್ಮೆಯ ಕಥೆಯಿದೆ. ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಉಕ್ಕು ತಯಾರಿಸಿದ ಮಣ್ಣಿನ ಮೂಸೆಗಳ ಅವಶೇಷಗಳು ಸಿಕ್ಕಿವೆ. ಕನ್ನಡದ ವಿಜ್ಞಾನ ಲೇಖಕ, ಭೂವಿಜ್ಞಾನಿ ಟಿ.ಆರ್. ಅನಂತರಾಮು ಮತ್ತು ಸಂಗಡಿಗರು ಅವುಗಳ ಬಗ್ಗೆ 1999ರಲ್ಲಿ ಸಂಶೋಧನಾ ಲೇಖನ ಪ್ರಕಟಿಸಿದರು. 1800ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್, ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು ಮೂಸೆಯ ಬಾಯಿ ಮುಚ್ಚಿ ಕಾಯಿಸುತ್ತಿದ್ದ ವಿಧಾನವನ್ನು ಬರೆದಿಟ್ಟಿದ್ದಾನೆ. ಕಡ್ಡಿ, ಎಲೆಗಳ ಇಂಗಾಲ ಸೇರಿ ಕಬ್ಬಿಣ ಉಕ್ಕಾಗುತ್ತಿತ್ತು. ಪಶ್ಚಿಮ ದೇಶಗಳು ಇದನ್ನೇ 'ವೂಟ್ಸ್' ಎಂದವು. ಆ ಪದದ ಮೂಲ ಕನ್ನಡದ 'ಉಕ್ಕು' ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಇಂಥ ಉಕ್ಕಿನ ಕೆಲವು ಅಲಗುಗಳ ಮೈಮೇಲೆ ನೀರಿನ ಅಲೆಯಂಥ ವಿನ್ಯಾಸ ಕಾಣುತ್ತದೆ.

ಮೂರನೆಯದು ಎಚ್ಚರಿಕೆ: ಅಲಗು, ಹಿಡಿ ಎರಡೂ ಒಂದೇ ಕಾಲದವು ಆಗಿರಬೇಕಿಲ್ಲ. ಯುರೋಪಿನಿಂದ ಬಂದ ಅಲಗುಗಳಿಗೆ ಇಲ್ಲಿ ಹಿಡಿ ಹಾಕುತ್ತಿದ್ದರು. ಅಲ್ಲಿಯ ಮುದ್ರೆಗಳನ್ನು ಇಲ್ಲಿ ನಕಲು ಮಾಡಿದ್ದೂ ಉಂಟು.

ಕಾರ್ಬನ್ ಡೇಟಿಂಗ್ ಮಾಡಿಸಿದರೆ ಆಯಿತಲ್ಲ?

ಇದು ಅರ್ಧ ಸತ್ಯ. ಇದ್ದಿಲಿನಿಂದ ಉಕ್ಕಿಗೆ ಸೇರಿದ ಇಂಗಾಲದ ವಯಸ್ಸನ್ನು ಅಳೆಯಬಹುದು. ಆದರೆ ಅದಕ್ಕೆ ಅಲಗಿನ ಚೂರು ಕತ್ತರಿಸಬೇಕು. ಹಳೆ ಕಬ್ಬಿಣ ಕರಗಿಸಿ ಮಾಡಿದ್ದರೆ, ಕಲ್ಲಿದ್ದಲು ಬಳಸಿದ್ದರೆ ಲೆಕ್ಕ ದಾರಿ ತಪ್ಪುತ್ತದೆ. ಬಾಕು ಯಾರದು ಎಂಬುದನ್ನಂತೂ ಅದು ಹೇಳುವುದೇ ಇಲ್ಲ.

ಹಾಗಾದರೆ ಯಾರದೆಂದು ಹೇಳುವುದು ಯಾವುದು?

ಸಿಕ್ಕ ಜಾಗ ಮತ್ತು ದಾಖಲೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ 1,000ಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ನಗರ ಟಿಪ್ಪುವಿನ ಆಳ್ವಿಕೆಗೆ ಸೇರಿತ್ತು, ಅವನ ಸೇನೆ ಇಂಥ ರಾಕೆಟ್ ಬಳಸುತ್ತಿತ್ತು. ಈ ಎರಡೂ ತಾಳೆಯಾದದ್ದರಿಂದ ಅವು ಟಿಪ್ಪು ಕಾಲದವು ಎಂದು ಗುರುತಿಸಲು ಸಾಧ್ಯವಾಯಿತು. 2023ರ ಮೇನಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಖಡ್ಗಕ್ಕೆ ಸುಮಾರು 1.4 ಕೋಟಿ ಪೌಂಡ್ ಬಂತು. ಬರೀ ಹಳೆಯದೆಂದು ಬಂದ ಬೆಲೆ ಅಲ್ಲ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಜನರಲ್ ಬೇರ್ಡ್ ಕೈಸೇರಿದ ಕಥೆಗೆ ಪುರಾವೆಯಿತ್ತು. ಪುರಾವೆಯಿಲ್ಲದ ಅಲಗಿಗೆ ಆ ಬೆಲೆ ಹೊಂದಿಸಿ, 'ಮಾರಿಸಿಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ' ಎನ್ನುವವರನ್ನು ನಂಬಬೇಡಿ.

ನಿಮ್ಮ ಮನೆಯಲ್ಲೇ ಸಿಕ್ಕರೆ?

- ಆಯುಧಪೂಜೆಗೆಂದು ಹುಣಸೆಹಣ್ಣು, ನಿಂಬೆರಸ, ಎಮರಿ ಪೇಪರ್ ಹಾಕಿ ತಿಕ್ಕಬೇಡಿ. ಒಣಬಟ್ಟೆಯಲ್ಲಿ ಸುತ್ತಿಡಿ, ಕುಂಕುಮ ಒರೆಗೆ ಇಟ್ಟರೂ ಆದೀತು.
- ಎಲ್ಲಿ, ಯಾವುದರ ಜೊತೆ ಸಿಕ್ಕಿತು ಎಂದು ಬರೆದಿಡಿ. ಎರಡೂ ಬದಿಯ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ.
- ಹಿರಿಯರನ್ನು ಕೇಳಿ. ಮನೆಯ ಮಾತೂ ಒಂದು ಸುಳಿವು.
- ನೆಲ ಅಗೆಯುವಾಗ ಸಿಕ್ಕಿದ್ದರೆ ಜಿಲ್ಲಾಡಳಿತಕ್ಕೆ ತಿಳಿಸಿ. 100 ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಅವನ್ನು ಖಾಸಗಿಯಾಗಿ ವಿದೇಶಕ್ಕೆ ಕಳಿಸುವಂತಿಲ್ಲ.
- ಚಿತ್ರದುರ್ಗದ ರಂಗಯ್ಯನ ಬಾಗಿಲಿನ ಬಳಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಮೊದಲ ವಿಚಾರಣೆ ಅಲ್ಲಿಂದ ಶುರುಮಾಡಬಹುದು.

ಒಟ್ಟಿನಲ್ಲಿ

ಹೈದರಾಲಿ 1779ರಲ್ಲಿ ಚಿತ್ರದುರ್ಗವನ್ನು ಗೆದ್ದ. ಆ ಕಾಲದ ಬಾಕು ಬಬ್ಬೂರಿನ ಅಟ್ಟದಲ್ಲಿ ಉಳಿದಿರಲು ಸಾಧ್ಯವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಆದರೆ 'ಆ ಕಾಲದ್ದು' ಎನ್ನಲು ಅಲಗು ಸಾಕ್ಷಿ ಹೇಳಬೇಕು, 'ಮದಕರಿ ನಾಯಕರದ್ದು' ಎನ್ನಲು ದಾಖಲೆ ಬೇಕು. ಅದನ್ನು ಮಾಡಿದ ಕಮ್ಮಾರ ಹೆಸರು ಕೊರೆಯದಿದ್ದರೂ ಕೈಗುರುತು ಬಿಟ್ಟುಹೋಗಿದ್ದಾನೆ. ಮುಂದಿನ ಸಲ ಇಂಥ ಫೋಟೊ ಬಂದರೆ ಫಾರ್ವರ್ಡ್ ಒತ್ತುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದು ಎಲ್ಲಿ ಸಿಕ್ಕಿತು, ನೋಡಿದವರು ಯಾರು?