ರಾತ್ರಿಯ ಎಚ್ಚರಕ್ಕೆ ಮೂತ್ರಕೋಶವೊಂದೇ ಹೊಣೆಯಲ್ಲ

ರಾತ್ರಿ ನಿದ್ದೆಯಿಂದೆದ್ದು ಮೂತ್ರಕ್ಕೆ ಹೋಗಬೇಕಾಗುವುದನ್ನು ವೈದ್ಯರು ನಾಕ್ಟೂರಿಯಾ ಎನ್ನುತ್ತಾರೆ. ವಯಸ್ಸಾದ ಹೆಂಗಸರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ‘ಈ ವಯಸ್ಸಿಗೆ ಇದ್ದದ್ದೇ, ಸಂಜೆಮೇಲೆ ನೀರು ಕುಡಿಯಬೇಡಿ’ ಎಂಬಲ್ಲಿಗೇ ಮಾತು ಮುಗಿಯುತ್ತದೆ. ಹಾಗೆ ಮುಗಿಸುವುದು ಅನ್ಯಾಯ. ಮೂತ್ರಕೋಶದ್ದೆಂದು ಕಾಣುವ ತೊಂದರೆ ಎಷ್ಟೋ ಸಲ ನಿದ್ದೆಯದು. ನಿದ್ದೆಯನ್ನು ಸರಿಪಡಿಸುವುದೂ ಮೂತ್ರಕೋಶದ ಚಿಕಿತ್ಸೆಯೇ.

ಹರೆಯದಲ್ಲಿ ರಾತ್ರಿ ಹೆಚ್ಚಾಗಿ ಸ್ರವಿಸುವ ವ್ಯಾಸೊಪ್ರೆಸಿನ್ ಹಾರ್ಮೋನು ಮೂತ್ರದ ಉತ್ಪತ್ತಿಯನ್ನು ತಗ್ಗಿಸುತ್ತದೆ. ವಯಸ್ಸಾದಂತೆ ಈ ಏರಿಳಿತ ಮಂಕಾಗುತ್ತದೆ, ನಿದ್ದೆಯೂ ತೆಳುವಾಗುತ್ತದೆ. ಗಾಢ ನಿದ್ದೆಯಲ್ಲಿ ಗೊತ್ತೇ ಆಗದ ಅರೆತುಂಬಿದ ಮೂತ್ರಕೋಶ ತೆಳುನಿದ್ದೆಯವಳನ್ನು ಎಬ್ಬಿಸುತ್ತದೆ. ಮಂಡಿನೋವಿಗೋ ಚಿಂತೆಗೋ ಎಚ್ಚರವಾದವಳೂ ‘ಹೇಗೂ ಎಚ್ಚರವಾಯಿತು, ಹೋಗಿ ಬರೋಣ’ ಎಂದು ಏಳುತ್ತಾಳೆ. ಬೆಳಗ್ಗೆ ದೂರು ಮಾತ್ರ ಮೂತ್ರದ ಮೇಲೆ.

ಗೊರಕೆಯ ವಿಷಯದಲ್ಲಿ ಈ ತಪ್ಪೆಣಿಕೆ ಎಲ್ಲಕ್ಕಿಂತ ದುಬಾರಿ. ಗೊರಕೆಯ ಹಿಂದೆ ಅಡಗಿರಬಹುದಾದ, ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾದಲ್ಲಿ, ಮುಚ್ಚಿದ ಗಂಟಲಿನ ವಿರುದ್ಧ ಎದೆ ಉಸಿರೆಳೆಯಲು ಹೆಣಗುತ್ತದೆ. ಎದೆಯೊಳಗಿನ ಒತ್ತಡ ಇಳಿದು, ಹೃದಯದ ಮೇಲಿನ ಕೋಣೆಗಳು ಹಿಗ್ಗಿ, ಮೈಯಲ್ಲಿ ನೀರು ಹೆಚ್ಚಾಯಿತೆಂಬ ಸುಳ್ಳು ಸೂಚನೆ ಹುಟ್ಟುತ್ತದೆ. ಆಗ ಹೃದಯ ಸ್ರವಿಸುವ ಹಾರ್ಮೋನು ಮೂತ್ರಪಿಂಡಗಳಿಂದ ಉಪ್ಪನ್ನೂ ನೀರನ್ನೂ ಹೊರಹಾಕಿಸುತ್ತದೆ. ಇಂಥವಳು ನೀರು ಬಿಟ್ಟರೂ ರಾತ್ರಿ ಏಳುವುದು ತಪ್ಪುವುದಿಲ್ಲ. ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರದಿಂದ ಉಸಿರಾಟ ಸರಾಗವಾದರೆ ಅನೇಕರಲ್ಲಿ ಅದು ಕಡಿಮೆಯಾಗುತ್ತದೆ. ಆದರೆ ಹೆಂಗಸರ ಗೊರಕೆ ಮನೆಯವರೂ ಬಾಯಿಬಿಡದ ಸಂಗತಿ, ವೈದ್ಯರೂ ಕೇಳುವುದು ಅಪರೂಪ.

ಎಲ್ಲಕ್ಕೂ ನಿದ್ದೆಯೇ ಮೂಲವಲ್ಲವೆಂಬ ಆಕ್ಷೇಪಕ್ಕೆ ತೂಕವಿದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಮೂತ್ರನಾಳದ ಒಳಪದರ ತೆಳುವಾಗುತ್ತದೆ. ಸೋಂಕು, ಸಕ್ಕರೆ ಕಾಯಿಲೆ, ಗರ್ಭಕೋಶದ ಜಾರುವಿಕೆ ಇವೆ. ಹಗಲಿನಲ್ಲಿ ಕಾಲಿಗಿಳಿದ ಬಾವಿನ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಆದ್ದರಿಂದ ಮೊದಲು ಮೂರು ದಿನ, ಎಷ್ಟು ಹೊತ್ತಿಗೆ ಎಷ್ಟು ಮೂತ್ರ ಹೋಯಿತೆಂದು ಅಳೆದು ಬರೆದಿಡಬೇಕು. ದಿನದ ಮೂತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ರಾತ್ರಿಯೇ ಬಂದರೆ ಉತ್ಪತ್ತಿಯೇ ಹೆಚ್ಚಿದೆ. ಪ್ರತಿ ಸಲ ಸ್ವಲ್ಪಸ್ವಲ್ಪ ಬಂದರೆ ಮೂತ್ರಕೋಶವನ್ನೋ ನಿದ್ದೆಯನ್ನೋ ಶಂಕಿಸಬೇಕು.

ಕಾರಣ ನಿದ್ದೆಯೇ ಆಗಿದ್ದರೂ ನಿದ್ದೆಮಾತ್ರೆ ಮದ್ದಲ್ಲ: ಅಮಲಿನಲ್ಲಿ ಎದ್ದವಳು ಬಿದ್ದು ಸೊಂಟ ಮುರಿದುಕೊಳ್ಳಬಹುದು. ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಂದಾಗಲೇ ಹಾಸಿಗೆಗೆ ಹೋಗುವುದು, ಮಧ್ಯಾಹ್ನದ ನಿದ್ದೆಯನ್ನು ಮೊಟಕುಗೊಳಿಸುವುದು, ಸಂಜೆಯ ಕಾಫಿ ಬಿಡುವುದು ನಿಧಾನವಾಗಿ ಫಲ ಕೊಡುತ್ತವೆ. ಉಪ್ಪಿನಕಾಯಿ, ಹಪ್ಪಳ ಕಡಿಮೆಯಾದರೆ ರಾತ್ರಿಯ ಮೂತ್ರವೂ ಇಳಿಯಬಹುದು. ಬಿ.ಪಿ.ಗೆ ಕೊಟ್ಟ ಮೂತ್ರ ಹೆಚ್ಚಿಸುವ ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ಬಚ್ಚಲು ಹಿತ್ತಲಲ್ಲಿರುವ ಹಳೆಯ ಮನೆಗಳಲ್ಲಿ ಹಾಸಿಗೆಯಿಂದ ಅಲ್ಲಿಯವರೆಗೆ ಮಂದ ದೀಪ, ಹಿಡಿದುಕೊಳ್ಳಲು ಕಂಬಿ ಇರಲೇಬೇಕು. ಮಳೆಗಾಲದಲ್ಲಿ ಮಂಚದ ಪಕ್ಕವೇ ಕಮೋಡ್ ಕುರ್ಚಿ ಇಟ್ಟರೆ ಇನ್ನೂ ಒಳ್ಳೆಯದು.