ತಿಪ್ಪೆಯ ವಿಜ್ಞಾನವೂ ಸರಕಾರದ ನಿಯಮವೂ

ಒಂದು ಸೇರು ಬಿಳಿಜೋಳಕ್ಕೆ ಹಿಡಿ ಮರಳನ್ನು ಬೆರೆಸಲು ಕ್ಷಣಮಾತ್ರ ಸಾಕು. ಮರಳಿ ಬೇರ್ಪಡಿಸಬೇಕಾದರೆ ಮೊರ ಹಿಡಿದು ಮಧ್ಯಾಹ್ನವನ್ನೆಲ್ಲ ಕಳೆಯಬೇಕು. ಉಷ್ಣಗತಿಶಾಸ್ತ್ರದ ಈ ಸತ್ಯವನ್ನು ನಮ್ಮ ಕಸದ ನಿಯಮಗಳು ತಡವಾಗಿ ಮನಗಂಡವು.

ಬೆಂಗಳೂರಿನ ಅಲ್ಮಿತ್ರಾ ಪಟೇಲರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯ ಫಲವಾಗಿ 2000ದಲ್ಲಿ ನಗರದ ಕಸಕ್ಕೊಂದು ನಿಯಮಾವಳಿ ಹೊರಬಿತ್ತು. 2016ರ ನಿಯಮಗಳು ಅದರ ಎಲ್ಲೆಯನ್ನು ಪುರಸಭೆಯಾಚೆಗೆ, ಜನಗಣತಿಯ ಪಟ್ಟಣಗಳವರೆಗೆ ವಿಸ್ತರಿಸಿ, ಕೊಳೆಯುವುದು, ಕೊಳೆಯದುದು, ಅಪಾಯಕರವಾದುದು ಎಂದು ಮನೆಯಲ್ಲಿಯೇ ಮೂರು ಪಾಲು ಮಾಡಬೇಕೆಂದು ವಿಧಿಸಿದವು. 2026ರ ನಿಯಮಗಳು ನಾಲ್ಕು ಪಾಲುಗಳನ್ನು ಕೇಳುತ್ತವೆ.

ಇದು ವಿಜಯಪುರ ನಗರದವರ ಚಿಂತೆ, ತಿಕೋಟಾ ಬಬಲೇಶ್ವರಗಳ ಒಕ್ಕಲಿಗನಿಗೆ ಇದರಿಂದೇನು ಎಂದು ಕೇಳುವವರುಂಟು. ನಾನು ಒಪ್ಪಲಾರೆ. ಅವನ ತಿಪ್ಪೆಯನ್ನೇ ನೋಡಿರಿ. ಹಿಂದೆ ಅದರಲ್ಲಿ ಸಗಣಿ, ಕಣಿಕೆ, ಬೂದಿಗಳಲ್ಲದೆ ಬೇರೇನಿತ್ತು? ಇಂಗಾಲ ಸುಮಾರು 30 ಪಾಲು, ಸಾರಜನಕ ಒಂದು ಪಾಲು ಇದ್ದು, ತೇವವೂ ಗಾಳಿಯೂ ಸಾಕಷ್ಟಿದ್ದರೆ ಸೂಕ್ಷ್ಮಜೀವಿಗಳು ರಾಶಿಯ ಒಡಲನ್ನು 60 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸುತ್ತವೆ. ಆ ಕಾವಿನಲ್ಲಿ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಇಂದು ಅದೇ ತಿಪ್ಪೆಗೆ ಹಾಲಿನ ಚೀಲ, ಗುಟಕಾ ಚೀಟಿ, ದ್ರಾಕ್ಷಿತೋಟದ ಹನಿ ನೀರಾವರಿಯ ಕೊಳವೆಯ ತುಂಡುಗಳೂ ಬಂದು ಬೀಳುತ್ತವೆ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಬಿಸಿಲಿಗೆ ಒಡೆದು ಸಣ್ಣದಾಗುತ್ತದೆ, ಅಷ್ಟೆ. ಗೊಬ್ಬರದ ಬಂಡಿಯೇರಿ ಎರೆಮಣ್ಣನ್ನು ಸೇರಿದ ಮೇಲೆ ಅದನ್ನು ಹೆಕ್ಕಿ ತೆಗೆಯುವ ಮೊರ ಯಾವುದಿದೆ?

ಜೈವಿಕಾಂಶ ಕಡಮೆಯಾದ ಈ ನೆಲಕ್ಕೆ ಗೊಬ್ಬರದ ಹಸಿವಿದೆ. ನಗರದ ಅಡಿಗೆಮನೆಗಳಲ್ಲಿಯೂ ಕಾಯಿಪಲ್ಲೆಯ ಸಂತೆಯಲ್ಲಿಯೂ ಅದಕ್ಕೆ ಬೇಕಾದ ಆಹಾರವಿದೆ. ರಸಗೊಬ್ಬರದ 6-7 ಚೀಲಗಳೊಡನೆ ನಗರಗೊಬ್ಬರದ 3-4 ಚೀಲಗಳನ್ನು ಜೊತೆಯಾಗಿ ಮಾರಬೇಕೆಂದು 2016ರ ನಿಯಮದಲ್ಲಿಯೇ ಬರೆದಿತ್ತು. ಒಳ್ಳೆಯ ಮಾತೇ. ಆದರೆ ಗಾಜಿನ ಚೂರು ಬೆರೆತ ಗೊಬ್ಬರವನ್ನು ಯಾವ ರೈತನು ಕೊಂಡಾನು? ಬ್ಯಾಟರಿಯ ಸೀಸವಂತೂ ಕಣ್ಣಿಗೂ ಕಾಣದು. ಕಿಲೋಗ್ರಾಂ ನಗರಗೊಬ್ಬರದಲ್ಲಿ ಅದು 100 ಮಿಲಿಗ್ರಾಂ ಮೀರಕೂಡದೆಂದು ರಸಗೊಬ್ಬರ ನಿಯಂತ್ರಣ ಆದೇಶವು ಹೇಳುತ್ತದೆ.

ದಂಡದ ಮಾತು ಬಂದಾಗಲೆಲ್ಲ ಗೃಹಿಣಿಯ ಕಡೆಗೆ ಬೆರಳು ತೋರಿಸುವುದು ವಾಡಿಕೆಯಾಗಿದೆ. ನನ್ನ ಮಟ್ಟಿಗೆ ಮೊದಲು ಪರೀಕ್ಷಿಸಬೇಕಾದದ್ದು ಕಸದ ಗಾಡಿಯನ್ನು. ಆಕೆ ಬೇರ್ಪಡಿಸಿ ಕೊಟ್ಟುದನ್ನು ಬಾಗಿಲ ಮುಂದೆಯೇ ಒಂದೇ ಪೆಟ್ಟಿಗೆಗೆ ಸುರುವಿದರೆ ನಾಳೆ ಆಕೆ ಬೇರ್ಪಡಿಸಳು, ಅದು ನ್ಯಾಯವೇ.

ವಿದ್ಯಾರ್ಥಿಗಳೇ, ಮುಂಗಾರಿಗೆ ಮುನ್ನ ತಿಪ್ಪೆಗಳು ಹೊಲಕ್ಕೆ ಹೋಗುತ್ತವೆ. ಅಷ್ಟರಲ್ಲಿ ನಿಮ್ಮೂರಿನ ಒಂದು ತಿಪ್ಪೆಯಿಂದ ಬುಟ್ಟಿ ಗೊಬ್ಬರವನ್ನು ತಂದು, ಒಣಗಿಸಿ, ಜರಡಿ ಹಿಡಿದು, ಕೊಳೆಯದೆ ಉಳಿದುದನ್ನು ತೂಗಿ ನೋಡಿರಿ. ಆ ಲೆಕ್ಕವನ್ನು ಬರೆದು ನಿಮ್ಮೂರಿನ ಪಂಚಾಯತಿಗೆ ಒಯ್ದು ಕೊಡಿರಿ.